ಬ್ರೈಟನ್ನಿನ ಎರಡು ಹೋಟೆಲುಗಳು: ಯಾವುದು ಮೇಲು?

‘ಹೋಟೆಲು’ ಎಂಬ ಮಾತು ಕಿವಿಗೆ ಬಿದ್ದೊಡನೆ ಇಂಗ್ಲಿಷಿನವನಿಗೆ ಹಾಸಿಗೆ ನೆನಪಾಗುತ್ತದೆ, ಕನ್ನಡಿಗನಿಗೆ ಇಡ್ಲಿ ನೆನಪಾಗುತ್ತದೆ. ಮುಂಬಯಿಯ ಕನ್ನಡಿಗರಾದ ನಮಗಂತೂ ಅದು ಬರಿಯ ತಿಂಡಿ ತಿನ್ನುವ ಜಾಗವಲ್ಲ. ಊರು ಬಿಟ್ಟು ಬಂದ ಎಷ್ಟೋ ಹುಡುಗರಿಗೆ ಅದೇ ಮನೆ, ಅದೇ ಮಠ. ಹಗಲು ಮಾಣಿಯಾಗಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಓದಿ, ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ನೆಲದ ಮೇಲೆ ಚಾಪೆ ಬಿಡಿಸಿದವರ ತಲೆಮಾರೊಂದು ನಮ್ಮ ನಡುವೆ ಇನ್ನೂ ಇದೆ. ಆದ್ದರಿಂದ ಹೋಟೆಲನ್ನು ವಿಮರ್ಶಿಸುವ ಹಕ್ಕು ನಮಗೆ ಉಂಟು ಎಂದು ಧೈರ್ಯ ತಂದುಕೊಂಡು ಈ ಬರಹಕ್ಕೆ ಕೈಹಾಕಿದ್ದೇವೆ. ಪುಸ್ತಕ, ನಾಟಕ, ಗಾಯನಗಳ ವಿಮರ್ಶೆ ಬರುವ ಪುಟದಲ್ಲಿ ಕಟ್ಟಡಗಳ ವಿಮರ್ಶೆಯೇ ಎಂದು ಹುಬ್ಬೇರಿಸುವ ಓದುಗರು ಸ್ವಲ್ಪ ಸಹನೆಯಿಂದ ಮುಂದೆ ಓದಬೇಕು.

ಸಂದರ್ಭ ಇಷ್ಟು. ಲಂಡನ್ನಿನಲ್ಲಿ ನೆಲೆಸಿರುವ ಮಕ್ಕಳನ್ನು ನೋಡಿಬರಲು ಹೋಗುವುದು ಈಗ ನಮ್ಮಲ್ಲಿ ಅಪರೂಪವಲ್ಲ. ಕಳೆದ ಬೇಸಗೆಯಲ್ಲಿ ನಾವೂ ಹೋಗಿದ್ದೆವು. ಜೊತೆಗೆ ನಮ್ಮ ಹಿರಿಯ ಮಿತ್ರರೊಬ್ಬರಿದ್ದರು. ಕುಂದಾಪುರದ ಕಡೆಯಿಂದ 1958ರಲ್ಲಿ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಮೇಜು ಒರೆಸುವುದರಿಂದ ಆರಂಭಿಸಿ ಗಲ್ಲಾದಲ್ಲಿ ಕೂರುವವರೆಗೆ ಬಂದವರು. ಅವರ ಮಗನಿಗೆ ಒಂದೇ ಹಟ: ಬ್ರೈಟನ್ನಿನ ಕಡಲ ಎದುರಿನ ದೊಡ್ಡ ಹೋಟೆಲಿನಲ್ಲಿ ಅಪ್ಪನನ್ನು ಒಂದು ರಾತ್ರಿ ಇಳಿಸಬೇಕು. “ಅಪ್ಪಾ, ಗ್ರ್ಯಾಂಡ್ ಬೇಕೋ, ಮೆಟ್ರೊಪೋಲ್ ಬೇಕೋ, ಅಷ್ಟು ಹೇಳಿ ಸಾಕು” ಎಂದ. ಅಪ್ಪ ನಮ್ಮ ಕಡೆ ತಿರುಗಿ, “ನೀವು ಬರೆಯುವವರು ಮಾರಾಯ್ರೆ, ನೀವೇ ನೋಡಿ ಹೇಳಿ. ನನಗೆ ಎರಡೂ ಜಾಸ್ತಿಯೇ” ಎಂದರು. ಹೀಗಾಗಿ ನಾವು ಒಂದು ದಿನ ಮೊದಲೇ ಹೋಗಿ ನೋಡಿ ಬರಬೇಕಾಯಿತು. ವಿಕ್ಟೋರಿಯಾ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ.

ಮೊದಲು ಊರಿನ ಮಾತು. ಬ್ರೈಟನ್ ಒಂದು ಕಾಲಕ್ಕೆ ಬೆಸ್ತರ ಊರು. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಕಡಲ ನೀರು ರೋಗಗಳಿಗೆ ಮದ್ದು ಎಂದು ಗ್ರಂಥ ಬರೆದ. ಮೀಯುವುದಷ್ಟೇ ಅಲ್ಲ, ಕುಡಿಯಬೇಕೆಂದೂ ಹೇಳಿದ. ಶ್ರೀಮಂತರು ಬರತೊಡಗಿದರು. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ರಾಜಕುಮಾರ 1783ರಲ್ಲಿ ಮೊದಲು ಬಂದ; ಊರಿಗೆ ರಾಜಕಳೆ ಬಂತು. 1841ರಲ್ಲಿ ಲಂಡನ್ನಿನಿಂದ ರೈಲು ಬಂದ ಮೇಲೆ ಗುಮಾಸ್ತರೂ ಅಂಗಡಿಯವರೂ ಬರತೊಡಗಿದರು. ಅಲ್ಲಿಯವರೆಗೆ ತಿಂಗಳುಗಟ್ಟಲೆ ಬಂಗಲೆ ಹಿಡಿದು ಇರುವವರ ಊರಾಗಿದ್ದದ್ದು ಒಂದೆರಡು ದಿನಕ್ಕೆ ಬಂದು ಹೋಗುವವರ ಊರಾಯಿತು. ದೊಡ್ಡ ಹೋಟೆಲುಗಳು ಹುಟ್ಟಿದ್ದು ಈ ಬದಲಾವಣೆಯಿಂದ. ರೈಲು ತಂದು ಸುರಿದ ಜನಕ್ಕೆ ಹಾಸಿಗೆ ಬೇಕಾಗಿತ್ತು, ಆ ಹಾಸಿಗೆಯ ಜೊತೆಗೆ ಒಂದಿಷ್ಟು ಅರಮನೆಯ ಭ್ರಮೆಯೂ ಬೇಕಾಗಿತ್ತು.

ಗ್ರ್ಯಾಂಡ್ ಹೋಟೆಲು ತೆರೆದದ್ದು 1864ರಲ್ಲಿ. ಶಿಲ್ಪಿ ಜಾನ್ ವಿಚ್‌ಕಾರ್ಡ್. ಇಟಲಿಯ ಮಾದರಿಯ ಬಿಳಿಯ ಮುಖ, ಸಾಲು ಸಾಲು ಕಿಟಕಿ, ಕಬ್ಬಿಣದ ಜಾಲರಿಯ ಬಾಲ್ಕನಿಗಳು. ಹಾಕಿದ ಇಸ್ತ್ರಿ ಇನ್ನೂ ಕೆಡದ ಅಂಗಿಯಂತೆ ನೆಟ್ಟಗೆ ನಿಂತಿದೆ. ನೀರಿನ ಒತ್ತಡದಿಂದ ಏರಿಳಿಯುವ ಲಿಫ್ಟನ್ನು ಅಷ್ಟು ಮೊದಲೇ ಹಾಕಿಸಿದ ಹೋಟೆಲುಗಳಲ್ಲಿ ಇದೂ ಒಂದು. ಲಿಫ್ಟಿನ ಮಹತ್ವ ಇಂದು ನಮಗೆ ಹೊಳೆಯುವುದಿಲ್ಲ. ಮೆಟ್ಟಿಲು ಹತ್ತಬೇಕಾಗಿದ್ದ ಕಾಲದಲ್ಲಿ ಮೇಲೆ ಹೋದಷ್ಟೂ ಕೋಣೆ ಅಗ್ಗ; ಲಿಫ್ಟು ಬಂದ ಮೇಲೆ ಮೇಲೆ ಹೋದಷ್ಟೂ ಕಡಲು ಚೆಂದ, ಬಾಡಿಗೆಯೂ ದುಬಾರಿ. ಒಂದು ಯಂತ್ರ ಬೆಲೆಯ ಏಣಿಯನ್ನೇ ತಲೆಕೆಳಗು ಮಾಡಿತು.

ಮೆಟ್ರೊಪೋಲ್ ಅದೇ ಸಾಲಿನಲ್ಲಿ, ತುಸು ಪಶ್ಚಿಮಕ್ಕೆ, 26 ವರ್ಷ ತಡವಾಗಿ, 1890ರಲ್ಲಿ ಬಂತು. ಹೆಸರು ಕೇಳಿದೊಡನೆ ಮೈಸೂರಿನವರಿಗೆ ತಮ್ಮ ಊರಿನ ಮೆಟ್ರೊಪೋಲ್ ನೆನಪಾಗುವುದು ಸಹಜ. ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಿಟಿಷ್ ಅತಿಥಿಗಳಿಗೆಂದು 1920ರಲ್ಲಿ ಕಟ್ಟಿಸಿದ ಅದಕ್ಕೂ ಇದಕ್ಕೂ ಇಲ್ಲಿ ನಾವು ಕಾಣುವ ಸಂಬಂಧ ಹೆಸರಿನದು ಮಾತ್ರ. ಬ್ರೈಟನ್ನಿನದರ ಶಿಲ್ಪಿ ಆಲ್‌ಫ್ರೆಡ್ ವಾಟರ್‌ಹೌಸ್. ಲಂಡನ್ನಿನ ಪ್ರಕೃತಿ ಚರಿತ್ರೆಯ ಮ್ಯೂಸಿಯಂ, ಮ್ಯಾಂಚೆಸ್ಟರಿನ ಪುರಭವನ ಆತನ ಕೃತಿಗಳೇ. ಕಡಲ ದಂಡೆಯುದ್ದಕ್ಕೂ ಬಿಳಿ, ಕೆನೆ ಬಣ್ಣದ ಗಾರೆಯ ಮನೆಗಳೇ ನಿಂತಿದ್ದ ಸಾಲಿನಲ್ಲಿ ಈತ ಕೆಂಪು ಇಟ್ಟಿಗೆ, ಸುಟ್ಟ ಮಣ್ಣಿನ ಅಲಂಕಾರಗಳ ಭಾರಿ ಕಟ್ಟಡವನ್ನು ತಂದು ನಿಲ್ಲಿಸಿದ. ಊರಿನವರು ಹೌಹಾರಿದರು. ಬಿಳಿ ಪಂಚೆಯವರ ಪಂಕ್ತಿಯಲ್ಲಿ ಕೆಂಪು ರುಮಾಲಿನವನೊಬ್ಬ ಬಂದು ಕುಳಿತಂತಾಯಿತು.

ಇಲ್ಲಿಂದಲೇ ವಿಮರ್ಶೆಯ ಪ್ರಶ್ನೆ ಏಳುತ್ತದೆ. ಕ್ಷೇಮೇಂದ್ರ ಕಾವ್ಯಕ್ಕೆ ಹೇಳಿದ ‘ಔಚಿತ್ಯ’ವನ್ನು ಕಟ್ಟಡಕ್ಕೂ ಹಚ್ಚಬಹುದೆಂದು ನಮ್ಮ ಅಭಿಪ್ರಾಯ. ಒಡವೆ ಎಷ್ಟು ಬೆಲೆಯದಾದರೂ ತಕ್ಕ ಜಾಗದಲ್ಲಿರಬೇಕು. ಸೊಂಟದ ಡಾಬನ್ನು ಕೊರಳಿಗೆ ಹಾಕಿದರೆ ನಗೆಪಾಟಲು. ಆ ದೃಷ್ಟಿಯಿಂದ ಅಂದಿನ ಬ್ರೈಟನ್ನಿಗರ ಆಕ್ಷೇಪಕ್ಕೆ ಅರ್ಥವಿದೆ. ಸಾಲಿನ ಒಗ್ಗಟ್ಟು ಒಂದು ಗುಣವೇ ಸರಿ.

ಆದರೆ ಔಚಿತ್ಯವೆಂದರೆ ಎಲ್ಲರಂತೆ ಇರುವುದು ಮಾತ್ರವೆ? ಬ್ರೈಟನ್ನಿನ ಹಳೆಯ ಬಿಳಿ ಮನೆಗಳ ಗಾರೆಯನ್ನು ಕೆರೆದರೆ ಎಷ್ಟೋ ಕಡೆ ಒಳಗೆ ಸಿಗುವುದು ‘ಬಂಗರೂಶ್’ ಎಂದು ಅಲ್ಲಿನವರು ಕರೆಯುವ ಗೋಡೆ: ಕಲ್ಲಿನ ಹರಳು, ಒಡೆದ ಇಟ್ಟಿಗೆ, ಸುಣ್ಣ, ಕೈಗೆ ಸಿಕ್ಕಿದ್ದನ್ನೆಲ್ಲ ಕಲಸಿ ಸುರಿದದ್ದು. ಮೇಲೆ ಗಾರೆ ಬಳಿದು ಕಲ್ಲಿನ ಅರಮನೆಯಂತೆ ತೋರಿಸಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವಾಟರ್‌ಹೌಸ್ ಈ ಆಟಕ್ಕೆ ಹೋಗಲಿಲ್ಲ. ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣಲಿ, ಸುಟ್ಟ ಮಣ್ಣು ಸುಟ್ಟ ಮಣ್ಣಾಗಿಯೇ ಕಾಣಲಿ ಎಂದ. ಹೊಗೆಗೂ ಮಳೆಗೂ ಸುಟ್ಟ ಮಣ್ಣು ಜಗ್ಗುವುದಿಲ್ಲ, ತೊಳೆದರೆ ಮತ್ತೆ ಹೊಸತು. ಹಾಗಾಗಿ 1890ರ ಆ ಜಗಳದಲ್ಲಿ ನಮ್ಮ ಮತ ವಾಟರ್‌ಹೌಸನಿಗೆ. ಪರಸ್ಥಳದಿಂದ ಬಂದವನು ಬೇರೆ ಬಣ್ಣದ ಅಂಗಿ ತೊಟ್ಟದ್ದೇ ತಪ್ಪು ಎನ್ನುವ ಮಾತನ್ನು ನಾವು ಬೇರೆ ಕಡೆಗಳಲ್ಲಿಯೂ ಕೇಳಿದ್ದೇವೆ.

ಹಾಗೆಂದು ಹೊಸಬ ಎಂಬ ಒಂದೇ ಕಾರಣಕ್ಕೆ ಕನಿಕರ ತೋರಿಸಿದರೆ ಅದು ವಿಮರ್ಶೆಯಾಗುವುದಿಲ್ಲ. ನಾವು ಇಳಿಯಬೇಕಾದದ್ದು 1890ರ ಮೆಟ್ರೊಪೋಲಿನಲ್ಲಿ ಅಲ್ಲ, ಇಂದು ನಿಂತಿರುವ ಮೆಟ್ರೊಪೋಲಿನಲ್ಲಿ. ಅದು ಏನಾಯಿತು ನೋಡಿ. ಮೊದಲ ವರ್ಷಗಳು ವೈಭವದವು. 1896ರ ನವೆಂಬರ್ 14ರಂದು, ಮೋಟಾರು ಗಾಡಿಗಳ ಮೇಲಿನ ಕಟ್ಟುನಿಟ್ಟು ಸಡಿಲವಾದ ಸಂಭ್ರಮದಲ್ಲಿ, ಲಂಡನ್ನಿನಿಂದ ಹೊರಟ ಗಾಡಿಗಳು ಬಂದು ಸೇರಿದ್ದು ಇದರ ಬಾಗಿಲಿಗೆ. ಟಿ. ಎಸ್. ಎಲಿಯಟ್ 1922ರಲ್ಲಿ ಪ್ರಕಟಿಸಿದ ‘ದಿ ವೇಸ್ಟ್ ಲ್ಯಾಂಡ್’ ಕವನದಲ್ಲಿಯೂ ವಾರದ ಕೊನೆಯನ್ನು ಮೆಟ್ರೊಪೋಲಿನಲ್ಲಿ ಕಳೆಯುವ ಪ್ರಸ್ತಾಪವೊಂದು ಬರುತ್ತದೆ. ಅದು ಅಷ್ಟೇನೂ ಗೌರವದ ಪ್ರಸ್ತಾಪವಲ್ಲ ಎಂಬುದು ಬೇರೆ ಮಾತು! ಆದರೆ 1960ರ ಆಸುಪಾಸಿನಲ್ಲಿ ರಿಚರ್ಡ್ ಸೀಫರ್ಟ್ ಎಂಬ ಶಿಲ್ಪಿಯ ಕೈಯಲ್ಲಿ ಮೆಟ್ರೊಪೋಲಿನ ತಲೆಯನ್ನೇ ಬದಲಿಸಲಾಯಿತು. ಮೊನಚು ಗೋಪುರ, ಇಳಿಜಾರಿನ ಮಾಡುಗಳ ಜಾಗದಲ್ಲಿ ಹೆಚ್ಚು ಕೋಣೆ ಹಿಡಿಸುವ ಮಹಡಿ ಬಂತು. ಹಿಂಬದಿಗೆ ವಸ್ತುಪ್ರದರ್ಶನದ ಹಜಾರಗಳು ಬಂದವು. ಅಷ್ಟು ಸಾಲದೆಂಬಂತೆ 1968ರಲ್ಲಿ ಬೆನ್ನಿಗೇ 24 ಅಂತಸ್ತಿನ ಸಸೆಕ್ಸ್ ಹೈಟ್ಸ್ ಎಂಬ ವಸತಿ ಗೋಪುರ ಎದ್ದಿತು. ಅದರ ಎತ್ತರ ಸುಮಾರು 102 ಮೀಟರ್; ಶಿಲ್ಪಿ ಅದೇ ಸೀಫರ್ಟ್.

ಕಡಲ ತಡಿಯಲ್ಲಿ ನಿಂತು ನೋಡಿದರೆ ಮೆಟ್ರೊಪೋಲಿನ ಕೆಳಭಾಗ ವಾಟರ್‌ಹೌಸನ ಗಂಭೀರ ಗದ್ಯ, ಮೇಲ್ಭಾಗ ಯಾರೋ ಅವಸರದಲ್ಲಿ ಸೇರಿಸಿದ ಅಡಿಟಿಪ್ಪಣಿ. ಅದೂ ತಲೆಯ ಮೇಲೆ. ಯಕ್ಷಗಾನದ ರಾಜವೇಷದ ಕಿರೀಟ ತೆಗೆದು ಸಿಮೆಂಟು ಚೀಲ ಹೊರುವವನ ಮುಂಡಾಸು ಸುತ್ತಿದಂತೆ. ಮುಂಡಾಸಿಗೆ ಅದರದೇ ಗೌರವವಿದೆ, ರಾಜವೇಷಕ್ಕೆ ಅದು ಹೊಂದುವುದಿಲ್ಲ, ಅಷ್ಟೆ. ಇಲ್ಲಿ ನಿಜವಾದ ಅನೌಚಿತ್ಯವಿದೆ. 1890ರಲ್ಲಿ ಕೂಗೆದ್ದದ್ದು ಬಣ್ಣದ ವಿಷಯಕ್ಕೆ. ಆ ಬಣ್ಣ ಊರಿಗೆ ಒಗ್ಗಿಕೊಂಡಿದೆ. ಕೋಣೆಯ ಲೆಕ್ಕಕ್ಕಾಗಿ ಮಾಡು ಕಿತ್ತದ್ದು ಮಾತ್ರ 60 ವರ್ಷ ಕಳೆದರೂ ಒಗ್ಗಿಕೊಂಡಿಲ್ಲ.

ಗ್ರ್ಯಾಂಡಿನ ಕಥೆ ಬೇರೆ. 1984ರ ಅಕ್ಟೋಬರ್ 12ರ ಬೆಳಗಿನ ಜಾವ 2 ಗಂಟೆ 54 ನಿಮಿಷಕ್ಕೆ ಅದರೊಳಗೆ ಬಾಂಬು ಸಿಡಿಯಿತು. ಕನ್ಸರ್ವೇಟಿವ್ ಪಕ್ಷದ ಸಮ್ಮೇಳನಕ್ಕೆಂದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅಲ್ಲಿಯೇ ಇಳಿದಿದ್ದರು. ಐರಿಷ್ ಉಗ್ರರ ಕಡೆಯವನೊಬ್ಬ ಸುಮಾರು ಒಂದು ತಿಂಗಳ ಮೊದಲೇ ಸುಳ್ಳು ಹೆಸರಿನಲ್ಲಿ 629ನೆಯ ಕೋಣೆ ಹಿಡಿದು, ಬಹುದಿನಗಳ ಗಡಿಯಾರವಿದ್ದ ಬಾಂಬನ್ನು ಹುದುಗಿಸಿಟ್ಟು ಹೋಗಿದ್ದ. ಮಾಡಿನ ಮೇಲಿನ ಭಾರಿ ಹೊಗೆಗೂಡು ಮಹಡಿಗಳನ್ನು ಸೀಳಿಕೊಂಡು ಕೆಳಗೆ ಕುಸಿಯಿತು. ಐದು ಮಂದಿ ಸತ್ತರು, 30ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಥ್ಯಾಚರ್ ಬದುಕಿ ಉಳಿದರು. ಬೆಳಿಗ್ಗೆ ಒಂಬತ್ತೂವರೆಗೆ ಸಮ್ಮೇಳನ ಗೊತ್ತಾದಂತೆಯೇ ಆರಂಭವಾಯಿತು. ಹೋಟೆಲು ಮತ್ತೆ ತೆರೆದದ್ದು 1986ರ ಆಗಸ್ಟಿನಲ್ಲಿ.

ಇದನ್ನು ಮುಂಬಯಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2008ರ ನವೆಂಬರ್ 26ರ ರಾತ್ರಿ ಅಪೊಲೊ ಬಂದರಿನ ತಾಜ್ ಹೋಟೆಲಿನ ಗುಮ್ಮಟದ ಬಳಿ ಎದ್ದ ಹೊಗೆಯನ್ನು ನಾವೆಲ್ಲ ನೋಡಿದವರು. ಅಲ್ಲಿ ಸತ್ತವರಲ್ಲಿ ಅತಿಥಿಗಳನ್ನು ಕಾಪಾಡಲು ನಿಂತ ಕೆಲಸಗಾರರೂ ಇದ್ದರು. ಹೋಟೆಲು ಎಂಬುದು ನಂಬಿಕೆಯ ಮೇಲೆ ನಡೆಯುವ ವ್ಯವಹಾರ. ಬಂದವನು ಹೇಳಿದ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು ಬೀಗದ ಕೈ ಕೊಡುತ್ತಾರೆ. ಆ ನಂಬಿಕೆಗೆ ಒಮ್ಮೆ ಬೆಂಕಿ ಬಿದ್ದ ಮೇಲೆ ಬಾಗಿಲನ್ನು ಮತ್ತೆ ಹೇಗೆ ತೆರೆಯುತ್ತಾರೆ ಎಂಬುದರಲ್ಲಿ ಒಂದು ಹೋಟೆಲಿನ ಯೋಗ್ಯತೆ ಗೊತ್ತಾಗುತ್ತದೆ. ಗ್ರ್ಯಾಂಡನ್ನು ಕಟ್ಟಿದವರು ಬೀದಿಯ ಕಡೆಗೆ ಗಾಜಿನ ಮುಂಚಾವಡಿಯೊಂದನ್ನು ಮುಂದೆ ಚಾಚಿದ್ದಾರೆ. ಆದರೆ ವಿಚ್‌ಕಾರ್ಡನ ಮುಖವನ್ನು ಕೆಡಿಸಿಲ್ಲ. ಕುಸಿದ ಭಾಗ ಯಾವುದು, ಉಳಿದದ್ದು ಯಾವುದು ಎಂದು ದಾರಿಹೋಕನಿಗೆ ತಿಳಿಯದು. ಇದು ಗುಣವೋ ದೋಷವೋ ಎಂದು ನಾವು ಬಹಳ ಹೊತ್ತು ಚರ್ಚಿಸಿದೆವು. ಗಾಯದ ಗುರುತು ಉಳಿಸಬೇಕಾಗಿತ್ತೆಂದು ಒಬ್ಬರ ವಾದ. ರಾತ್ರಿ ತಂಗುವವನ ತಲೆಯ ಮೇಲೆ ಗುರುತು ತೂಗಬಾರದೆಂದು ಇನ್ನೊಬ್ಬರದು. ಸ್ಮಾರಕಕ್ಕೂ ಹೋಟೆಲಿಗೂ ಬೇರೆ ಬೇರೆ ಧರ್ಮ ಎಂದು ನಮಗೆ ಕೊನೆಗೆ ತೋರಿತು. ಒಂದು ಕಡೆ ಬಾಂಬಿನಿಂದ ಮಾಡು ಬಿತ್ತು, ಅದನ್ನು ಹಿಂದಿನಂತೆ ಕಟ್ಟಿದರು. ಇನ್ನೊಂದು ಕಡೆ ಯಾವ ಬಾಂಬೂ ಬೀಳದೆ ಮಾಡು ಹೋಯಿತು.

ಕಟ್ಟಡದ ಮಾತು ಇಷ್ಟಾಯಿತು. ಇನ್ನು ಆತಿಥ್ಯದ ಮಾತು. ಇದನ್ನು ಬ್ರೈಟನ್ನಿನಲ್ಲಿ ಅಳೆಯುವುದಕ್ಕೆ ನಮಗೆ ಒಳ್ಳೆಯ ಅಳತೆಗೋಲುಗಳಿವೆ, ಮತ್ತು ಅವು ನಮ್ಮ ದೇಶದವೇ. ಅದೇ ಕಡಲ ದಂಡೆಯಲ್ಲಿ, ಈಗ ಬೇರೊಂದು ಹೋಟೆಲಿರುವ ಜಾಗದಲ್ಲಿ, ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನ ಸ್ನಾನಗೃಹವಿತ್ತು. ಆತ ಮೊದಲು 1810ರಲ್ಲಿ ಲಂಡನ್ನಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದು ನಷ್ಟ ಹೊಂದಿದವನು. ಕೈಸುಟ್ಟುಕೊಂಡವನು ಊರಿಗೆ ಮರಳಲಿಲ್ಲ. ಬ್ರೈಟನ್ನಿಗೆ ಬಂದು, ಬಿಸಿ ಹಬೆಯಲ್ಲಿ ಕೂರಿಸಿ ಮೈ ತಿಕ್ಕುವ ನಮ್ಮ ‘ಚಂಪಿ’ಯನ್ನು ಇಂಗ್ಲಿಷರಿಗೆ ಕಲಿಸಿದ. ಇಬ್ಬರು ದೊರೆಗಳಿಗೆ ಮೈ ತಿಕ್ಕುವ ಅಧಿಕೃತ ನೇಮಕ ಪಡೆದ. ಶ್ಯಾಂಪೂ ಎಂಬ ಮಾತು ಬಂದದ್ದು ಅದೇ ಚಂಪಿಯಿಂದ. 1851ರಲ್ಲಿ ಅಲ್ಲಿಯೇ ತೀರಿಕೊಂಡ.

ಎರಡನೆಯ ಅಳತೆಗೋಲು ಇನ್ನೂ ದೊಡ್ಡದು. ಒಂದನೆಯ ಮಹಾಯುದ್ಧದಲ್ಲಿ, 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ, ಜಾರ್ಜ್ ದೊರೆಯ ಗುಮ್ಮಟಗಳ ಅರಮನೆ ‘ರಾಯಲ್ ಪೆವಿಲಿಯನ್’ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಬೇರೆ ಬೇರೆ ಜಾತಿ ಮತಗಳ ಆಚಾರ ಕೆಡದಂತೆ ಅಲ್ಲಿ ಒಂಬತ್ತು ಅಡಿಗೆಮನೆಗಳನ್ನು ಏರ್ಪಡಿಸಿದ್ದರು. ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನೀರಿನ ನಲ್ಲಿಗಳಿದ್ದವು. ಅದರಲ್ಲಿ ಸಾಮ್ರಾಜ್ಯದ ಪ್ರಚಾರದ ಲೆಕ್ಕಾಚಾರವೂ ಇತ್ತು, ನಾವು ಮರೆಯಬಾರದು. ವಾಸಿಯಾದವರು ಹೊರಗೆ ಅಡ್ಡಾಡುವುದಕ್ಕೂ ಕಟ್ಟುಪಾಡುಗಳಿದ್ದವು. ಆದರೂ ತನ್ನ ಊಟ ತನಗೆ ಸಲ್ಲುವಂತೆ ಬೇಯಬೇಕೆಂಬ ಅಪರಿಚಿತನ ಆಸೆಗೆ ಅಷ್ಟು ಗೌರವ ಕೊಟ್ಟ ಮನೆ ಆ ಊರಿನಲ್ಲಿ ಇನ್ನೊಂದಿಲ್ಲ. ಬದುಕದ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ದಹನ ಮಾಡಿದರು. 1921ರಲ್ಲಿ ಅಲ್ಲಿ ಅಮೃತಶಿಲೆಯ ‘ಛತ್ರಿ’ ಎದ್ದಿತು.

ಈ ಎರಡರ ಮುಂದೆ ಇಟ್ಟು ನೋಡಿದರೆ ಗ್ರ್ಯಾಂಡ್, ಮೆಟ್ರೊಪೋಲ್ ಎರಡೂ ವ್ಯಾಪಾರಿ ಆತಿಥ್ಯದ ಮನೆಗಳೇ. ಎರಡರಲ್ಲಿಯೂ ಮಾಲೀಕರು ಹಲವು ಬಾರಿ ಬದಲಾಗಿದ್ದಾರೆ. ಎರಡರಲ್ಲಿಯೂ ಕಡಲು ಕಾಣುವ ಕೋಣೆ ಬೇರೆ, ಕಾಣದ ಕೋಣೆ ಬೇರೆ, ಹಣವೂ ಬೇರೆ. ದೇವರು ಕೊಟ್ಟ ಕಡಲಿಗೆ ಕಿಟಕಿ ಇಟ್ಟು ಬಾಡಿಗೆ ವಸೂಲು ಮಾಡುವುದೇ ಕಡಲೂರಿನ ಹೋಟೆಲು ವ್ಯಾಪಾರದ ಗುಟ್ಟು.

ಇಷ್ಟನ್ನು ನೋಡಿಕೊಂಡು ಹಿಂದಿರುಗಿ, ಮಾರನೆಯ ದಿನ ಹಿರಿಯರನ್ನು ಕರೆದುಕೊಂಡು ಬಂದೆವು. ನಾವು ಮುಖಮಂಟಪ, ಬಾಲ್ಕನಿ, ಮಾಡು ಎಂದು ವಿವರಿಸುತ್ತಿದ್ದರೆ ಅವರು ಬೆತ್ತ ಊರಿಕೊಂಡು ಸುಮ್ಮನೆ ಹಿಂದಿನ ಓಣಿಯ ಕಡೆ ನಡೆದರು. ತರಕಾರಿಯ ಗಾಡಿ, ಒಗೆದ ಬಟ್ಟೆಯ ಗಂಟು, ಪಾಳಿ ಮುಗಿಸಿ ಹೊರಬರುವ ಹುಡುಗ ಹುಡುಗಿಯರು. ಅವರಲ್ಲಿ ಎಷ್ಟೋ ಮಂದಿ ನಮ್ಮ ಹಾಗೆಯೇ ಬೇರೆ ದೇಶದ ಮುಖದವರು. ಹಿರಿಯರು ಬಹಳ ಹೊತ್ತು ನೋಡಿ, “ಮುಂದಿನ ಬಾಗಿಲು ನೋಡಿ ಹೋಟೆಲು ತೂಗಬಾರದು ಮಾರಾಯ್ರೆ. ಹಿಂದಿನ ಬಾಗಿಲಿನಿಂದ ಹೊರಗೆ ಬರುವವರ ಮುಖ ನೋಡಬೇಕು” ಎಂದರು. ನಮ್ಮ ಔಚಿತ್ಯವಿಚಾರವೆಲ್ಲ ಒಂದು ಕ್ಷಣ ಬಾಯಿ ಮುಚ್ಚಿ ನಿಂತಿತು. ಅವರಿಗೆ ಕಂಡ ಮುಖಗಳು ಹೇಗಿದ್ದವೆಂದು ಕೇಳಿದೆವು. “ದಣಿದಿವೆ. ಎರಡು ಕಡೆಯೂ ಒಂದೇ ಥರ ದಣಿದಿವೆ” ಎಂದು ನಕ್ಕರು.

ಹಾಗಾದರೆ ತೀರ್ಪೇನು? ಶಿಲ್ಪಿಯ ಪ್ರತಿಭೆಯ ಮಾತಾದರೆ ವಾಟರ್‌ಹೌಸ್ ದೊಡ್ಡವನು. ಆತನ ಕೃತಿಯನ್ನು ನೋಡಲು ಕಡಲ ಕಲ್ಲುಹರಳುಗಳ ಮೇಲೆ ನಿಂತು, ಮೇಲಿನ ಮಹಡಿಗಳಿಗೆ ಅಂಗೈ ಅಡ್ಡ ಹಿಡಿದುಕೊಳ್ಳಿ. ಇಂದು ಇಡಿಯಾಗಿ ಉಳಿದಿರುವ ಕಟ್ಟಡದ ಮಾತಾದರೆ ಗ್ರ್ಯಾಂಡ್ ಮೇಲು. ತಂಗುವ ಮಾತಾದರೆ ಕಡಲು ಕಾಣುವ ಕೋಣೆ ಸಿಕ್ಕುವುದಾದರೆ ಮಾತ್ರ ಗ್ರ್ಯಾಂಡಿನಲ್ಲಿ ಒಂದು ರಾತ್ರಿ ಕಳೆಯಬಹುದು. ಹಿಂಬದಿಯ ಕೋಣೆಗೆ ದೊಡ್ಡ ಹೆಸರಿನ ಹಣ ತೆರುವುದು ದಂಡ. ಹಾಸಿಗೆ ಇದ್ದಷ್ಟು ಕಾಲು ಚಾಚುವವರಿಗೆ ಅಡ್ಡಬೀದಿಗಳಲ್ಲಿ ಸಣ್ಣ ವಸತಿಮನೆಗಳು ಬೇಕಾದಷ್ಟಿವೆ. ಕಡಲ ದಂಡೆಯಲ್ಲಿ ನಡೆಯಲು ಯಾರೂ ಕಾಸು ಕೇಳುವುದಿಲ್ಲ.

ಆದರೆ ನಮ್ಮ ಮಿತ್ರರ ವಿಷಯದಲ್ಲಿ ಈ ಮಿತವ್ಯಯದ ಬುದ್ಧಿಮಾತನ್ನು ನಾವು ಬದಿಗಿಟ್ಟೆವು. ಮಕ್ಕಳು ದೊಡ್ಡ ಹೋಟೆಲಿನಲ್ಲಿ ಇಳಿಸುತ್ತೇವೆಂದಾಗ “ನಮ್ಮಂಥವರಿಗೆ ಯಾಕೆ ಅದೆಲ್ಲ” ಎನ್ನುವುದು ನಮ್ಮ ತಲೆಮಾರಿನ ಅಭ್ಯಾಸ. ಅದರಲ್ಲಿ ವಿನಯವೂ ಇದೆ, ಹಳೆಯ ಹೆದರಿಕೆಯೂ ಇದೆ. ಐವತ್ತು ವರ್ಷ ಇತರರ ಮುಂದೆ ತಟ್ಟೆ ಇಟ್ಟವನಿಗಿಂತ ಆತಿಥ್ಯದ ಬೆಲೆ ಬಲ್ಲವರು ಯಾರು? ಅವರು ಆ ಬಾಗಿಲನ್ನು ಒಮ್ಮೆ ಮುಂದಿನಿಂದ ದಾಟಬೇಕು ಎಂದು ನಾವೂ ಮಗನ ಪಕ್ಷ ಸೇರಿದೆವು. ಗ್ರ್ಯಾಂಡ್ ಎಂದು ಹೇಳಿದೆವು.

ಮಾರನೆಯ ಬೆಳಿಗ್ಗೆ ಕರೆತರಲು ಹೋದಾಗ ಹಿರಿಯರು ಎದ್ದು, ಮಿಂದು, ಹಾಸಿಗೆಯ ಹೊದಿಕೆಯನ್ನು ತಾವೇ ಮಡಿಸಿಟ್ಟು ಕಿಟಕಿಯ ಬಳಿ ಕೂತಿದ್ದರು. “ಅದನ್ನು ಮಾಡಲು ಅವರ ಜನ ಇದ್ದಾರೆ ಅಪ್ಪಾ” ಎಂದ ಮಗ. “ಇದ್ದಾರೆ ಮಗಾ. ಅದಕ್ಕೇ ಮಡಿಸಿದ್ದು” ಎಂದರು. ಕೋಣೆ ಹೇಗಿತ್ತು ಎಂದು ನಾವು ಕೇಳಿದ್ದಕ್ಕೆ ಕಡಲ ಕಡೆ ನೋಡುತ್ತ, “ಒಳ್ಳೆಯ ಹೋಟೆಲು. ಚಾ ಮಾತ್ರ ನಮ್ಮದೇ ಸೈ” ಎಂದು ತೀರ್ಪು ಕೊಟ್ಟರು. ನಮ್ಮ ವಿಮರ್ಶೆಗಿಂತ ಆ ತೀರ್ಪನ್ನೇ ಓದುಗರು ನೆಚ್ಚಿಕೊಳ್ಳಬಹುದು.